ನೋಡ್ಲಿಕ್ಕೆ ಏನುಂಟು?

ತಂಗಿಯ ಗಂಡ ಮಂಗಳೂರಿನವನು. ಈ ವಾರ ಇಬ್ಬರೂ ವಿಜಯಪುರಕ್ಕೆ ಬಂದಿದ್ದರು. ಗೋಳಗುಮ್ಮಟ, ಇಬ್ರಾಹಿಂ ರೋಜಾ ಮುಗಿದ ಮೇಲೆ ನಾನೇ ಹಟ ಮಾಡಿ ಮಮದಾಪುರಕ್ಕೆ ಕರೆದುಕೊಂಡು ಹೋದೆ. ಆದಿಲ್‌ಶಾಹಿ ಕಾಲದ ಕೆರೆ, ಹತ್ತಿರದಲ್ಲೇ ಮೀಸಲು ಅರಣ್ಯ. ಅರಣ್ಯ ಅಂದ ಕೂಡಲೇ ಅವನು ಆಗುಂಬೆ ಥರ ಏನೋ ಅಂದುಕೊಂಡಿದ್ದ. ಜಾಲಿ, ಬೇವು, ಒಣ ಹುಲ್ಲು ನೋಡಿ ಮುಖ ಸಣ್ಣದಾಯಿತು.

ಕೆರೆ ಒಡ್ಡಿನ ಮೇಲೆ ಅಜ್ಜನೊಬ್ಬ ಕುರಿ ಬಿಟ್ಟುಕೊಂಡು ಕೂತಿದ್ದ. ಇವನು ಸುಮ್ನಿರಲಿಲ್ಲ. "ಇಲ್ಲಿ ನೋಡ್ಲಿಕ್ಕೆ ಏನುಂಟು ಅಜ್ಜಾ?"

ಅಜ್ಜ ಬೀಡಿ ಹಚ್ಚೋದು ಬಿಟ್ಟು ಇವನ ಮುಖ ನೋಡಿದ. "ನೀರೈತಲ್ಲೋ ತಮ್ಮಾ."

ಅಷ್ಟೇ. ಮತ್ತೆ ಕಡ್ಡಿ ಗೀರಿದ.

ತಂಗಿ ನಕ್ಕಳು, ನಾನೂ ನಕ್ಕೆ. ಆದರೆ ಅಜ್ಜ ತಮಾಷೆ ಮಾಡಿರಲಿಲ್ಲ. ನೀರೈತಲ್ಲೋ ತಮ್ಮಾ. ಇನ್ನೇನು ಬೇಕು ಅನ್ನೋ ಧಾಟಿ. ಹುಡುಗ ಒಳ್ಳೆಯವನೇ, ಮಾತು ಸ್ವಲ್ಪ ಜಾಸ್ತಿ. ಜುಲೈ ಒಂದೇ ತಿಂಗಳಲ್ಲಿ ಅವನೂರಿಗೆ ಬೀಳೋ ಮಳೆ ನಮಗೆ ಇಡೀ ವರ್ಷಕ್ಕೂ ಬೀಳಲ್ಲ. ನೀರು ನೋಡೋ ವಸ್ತು ಅಂತ ಅವನಿಗೆ ಹೇಗೆ ಅನಿಸಬೇಕು? ನಾವು ಟ್ಯಾಂಕರ್ ಸದ್ದಿಗೆ ಕೊಡ ಹಿಡಿದು ಓಡಿದವರು. ಇದೇ ಕೆರೆ ಒಣಗಿ ಬಿರುಕು ಬಿಟ್ಟಿದ್ದನ್ನೂ ಅಜ್ಜ ನೋಡಿರಬೇಕು. ಈಗ ಕೃಷ್ಣೆಯ ನೀರನ್ನ ಪಂಪ್ ಮಾಡಿ ತುಂಬಿಸುತ್ತಾರೆ.

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಈ ಕೆರೆ ಕಟ್ಟಿಸಿದ್ದು ಮುಹಮ್ಮದ್ ಆದಿಲ್ ಶಾ. ಗೋಳಗುಮ್ಮಟದೊಳಗೆ ಮಲಗಿರೋನೂ ಅವನೇ. 1651ರಲ್ಲಿ ವಿಜಯಪುರಕ್ಕೆ ನೀರು ಕೊಡೋಕೆ ಬೇಗಂ ತಾಲಾಬ್ ಅನ್ನೋ ಕೆರೆ ಕಟ್ಟಿಸಿದವನೂ ಅವನೇ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಹರಿಯುತ್ತಿತ್ತು. ಜನ ಮಾತ್ರ ಅವನ ಸಮಾಧಿಗೆ ಟಿಕೆಟ್ ತಗೊಂಡು, ಮೇಲೆ ಹತ್ತಿ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿ ವಾಪಸ್ ಹೋಗುತ್ತಾರೆ. ಗುಮ್ಮಟ ದೊಡ್ಡದು, ಇಲ್ಲ ಅನ್ನಲ್ಲ. ಆದರೆ ಅದರಿಂದ ಒಂದು ಕುರಿಯ ದಾಹವಾದರೂ ತೀರಿದೆಯಾ?

ಒಡ್ಡಿನ ಕಲ್ಲಿನ ಸಂದಿಯಲ್ಲಿ ಗುಟ್ಕಾ ಚೀಟಿ, ಪ್ಲಾಸ್ಟಿಕ್ ಲೋಟ. ಅದರ ಪಕ್ಕದ ಕಲ್ಲಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಹುಡುಗ ಅದರ ಫೋಟೋ ತೆಗೆದ. ಸ್ಟೇಟಸ್‌ಗೆ ಹಾಕಿದ್ದು ಮಾತ್ರ ಗುಮ್ಮಟದ ಮುಂದಿನ ಸೆಲ್ಫಿ.

ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು, "ಏನೇನ್ ನೋಡಿ ಬಂದ್ರೆಪಾ?"

"ನೀರು ಅತ್ತೆ," ಅಂದ. ಅವ್ವನಿಗೆ ನಗು ಬರಲಿಲ್ಲ. "ಎಷ್ಟೈತಿ? ತುಂಬೇತೇನು?" ಅಂತ ಕೇಳಿದಳು.