ಮಾಳಿಗೆ ಮೇಲೆ ಮಲಗಿ ಕ್ವೇಸಾರ್ ಬಗ್ಗೆ

ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೆ ನಿದ್ದೆ ಎಲ್ಲಿಂದ ಬರಬೇಕು? ನಿನ್ನೆ ರಾತ್ರಿ ಕರೆಂಟ್ ಹೋಯಿತು, ಚಾಪೆ ಹಿಡಿದು ಮಾಳಿಗೆ ಹತ್ತಿದೆವು. ಚಿತ್ತಾ ನಕ್ಷತ್ರ ಚೆನ್ನಾಗಿ ಕಾಣುತ್ತಿತ್ತು. ಅದರ ಹತ್ತಿರದಲ್ಲೇ ತ್ರೀ ಸಿ 279 ಅನ್ನೋ ಕ್ವೇಸಾರ್, ಅಂದರೆ ಬಹುದೂರದ ಗ್ಯಾಲಕ್ಸಿಯೊಂದರ ಪ್ರಖರವಾಗಿ ಹೊಳೆಯುವ ನಡುಭಾಗ, ಇದೆ ಅಂತ ಮಗಳಿಗೆ ತೋರಿಸಿದೆ. ಬರಿಗಣ್ಣಿಗೆ ಏನೂ ಕಾಣಲ್ಲ. ಆದರೂ ತೋರಿಸಿದೆ.

ಅಲ್ಲೊಂದು ಭಾರೀ ಕಪ್ಪುಕುಳಿ ಇದೆ. ಅದರ ಬಳಿಯಿಂದ ಚಿಮ್ಮುವ ಕಣಗಳ ಧಾರೆ ಹೆಚ್ಚುಕಡಿಮೆ ನಮ್ಮ ಕಡೆಗೇ ಮುಖ ಮಾಡಿದೆ, ಅದಕ್ಕೇ ಅಷ್ಟು ದೂರದಿಂದಲೂ ಅದರ ಗಾಮಾ ಕಿರಣ, ಅಂದರೆ ಎಕ್ಸ್-ರೇಗಿಂತಲೂ ಹೆಚ್ಚು ಶಕ್ತಿಯ ಬೆಳಕು, ನಮಗೆ ಸಿಗುತ್ತದೆ. 2015ರ ಜೂನ್‌ನಲ್ಲಿ ಅದು ಒಮ್ಮೆಲೇ ಭುಗಿಲೆದ್ದಿತು. ಬೆಳಕು ನಿಮಿಷಗಳಲ್ಲೇ ಏರಿಳಿಯುತ್ತಿತ್ತು! ಆ ಬೆಳಕು ಹೊರಟು ಸುಮಾರು 500 ಕೋಟಿ ವರ್ಷ ಆಗಿತ್ತು. ನಮ್ಮ ಕೋಟೆ ಬೆಟ್ಟದ ಬಂಡೆಗಳೇ ಸುಮಾರು 250 ಕೋಟಿ ವರ್ಷ ಹಳೆಯವು, ಆ ಕಿರಣ ಹೊರಟಾಗ ಬಂಡೆ ಬಿಡಿ, ಭೂಮಿಯೇ ಇರಲಿಲ್ಲ.

ಗಾಮಾ ಕಿರಣವನ್ನು ನಮ್ಮ ಗಾಳಿಯೇ ತಡೆಯುತ್ತದೆ, ಕನ್ನಡಿಯಿಂದ ಹಿಡಿಯೋಕೂ ಆಗಲ್ಲ. ಅದಕ್ಕೆ 2008ರಲ್ಲಿ ಬಾಹ್ಯಾಕಾಶಕ್ಕೆ ಹಾರಿಸಿದ ಫರ್ಮಿ ದೂರದರ್ಶಕದಲ್ಲಿ ಟಂಗ್‌ಸ್ಟನ್ ಹಾಳೆಗಳಿವೆ. ಕಿರಣ ಹಾಳೆಗೆ ಬಡಿದು ಎಲೆಕ್ಟ್ರಾನ್ ಮತ್ತು ಅದರ ವಿರುದ್ಧ ವಿದ್ಯುದಂಶದ ಅವಳಿ ಪಾಸಿಟ್ರಾನ್‌ನ ಜೋಡಿಯಾಗುತ್ತದೆ, ಸಿಲಿಕಾನ್ ಪಟ್ಟಿಗಳ ಮೇಲೆ ಅವು ಬಿಟ್ಟ ಜಾಡು ಹಿಡಿದು ಕಿರಣ ಬಂದ ದಿಕ್ಕು ಗೊತ್ತುಮಾಡುತ್ತಾರೆ. ಮೂರು ಗಂಟೆಗೊಮ್ಮೆ ಇಡೀ ಆಕಾಶ ನೋಡುವುದರಿಂದಲೇ ಇಂಥ ಭುಗಿಲು ತಪ್ಪದೆ ಸಿಗೋದು. ನಮ್ಮದೇ ಲಡಾಖಿನ ಹಾನ್ಲೆಯಲ್ಲೂ 21 ಮೀಟರ್ ಅಗಲದ ಮೇಸ್ ದೂರದರ್ಶಕ ಇದೆ. ಅದು ಗಾಮಾ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ನೀಲಿ ಮಿಂಚನ್ನು ಹಿಡಿಯುತ್ತದೆ.

ಮಗಳು ಕೇಳಿದಳು, "ಅಪ್ಪಾ, ಈಗ ಅದು ಉರಿತಿದ್ರೆ?" ಆ ಬೆಳಕು ಇನ್ನೂ ದಾರಿಯಲ್ಲೇ ಇರುತ್ತೆ ಕಂದ, ಅಂದೆ.