ಉತಾರದಲ್ಲಿ ಕಾಣದ ವಲಯ

ಧಾರವಾಡದ ಅಂಚಿನಲ್ಲಿ ಮನೆ ಕಟ್ಟಿಸಬೇಕೆಂದು ನನ್ನ ತಮ್ಮ ಐದು ಗುಂಟೆ ಜಾಗ ನೋಡಿದ್ದ. ಉತಾರ, ಅಂದರೆ ಜಮೀನಿನ ಪಹಣಿ, ಸರಿಯಾಗಿತ್ತು, ಮಾರುವವರ ಹೆಸರೂ ಹೊಂದುತ್ತಿತ್ತು. ಆದರೂ ಮುಂಗಡ ಕೊಡುವ ಮೊದಲು ನಾನು ಅವನನ್ನು ನವನಗರದಲ್ಲಿರುವ ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಕರೆದೊಯ್ದೆ. ಯಾವ ಜಾಗ ಯಾವ ಬಳಕೆಗೆಂದು ಗೊತ್ತುಪಡಿಸುವ ಮಹಾಯೋಜನೆಯ (ಮಾಸ್ಟರ್ ಪ್ಲ್ಯಾನ್) ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕಿದಾಗ ಆ ಜಾಗ ವಸತಿ ವಲಯದಲ್ಲಿರದೆ ಕೃಷಿ ವಲಯದಲ್ಲಿತ್ತು.

ನಮ್ಮ ಕಡೆ ‘ಎನ್‌.ಎ. ಆಗಿದೆಯೇ’, ಅಂದರೆ ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗಿದೆಯೇ, ಎಂದಷ್ಟೇ ಕೇಳುವ ರೂಢಿಯಿದೆ. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆಗುವ ಭೂಪರಿವರ್ತನೆ ಬೇರೆ, 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಗೊತ್ತುಪಡಿಸುವ ವಲಯ ಬೇರೆ. ವಲಯಕ್ಕೆ ಹೊಂದದ ಕಟ್ಟಡ ಬೇಕಿದ್ದರೆ ಭೂ ಬಳಕೆ ಬದಲಾವಣೆಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು. ಅದು ಮಂಜೂರಾಗಲೇಬೇಕೆಂಬ ನಿಯಮವಿಲ್ಲ. ಈ ವ್ಯತ್ಯಾಸವನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ, ಮತ್ತು ಜೀವಮಾನದ ಉಳಿತಾಯ ಸುರಿಯುವ ಕುಟುಂಬಗಳಿಗೆ ಇದು ತಿಳಿಯದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ವಸತಿ ವಲಯವೆಂದು ಖಚಿತವಾದ ಮೇಲೂ ಮುಂದಿನ ರಸ್ತೆಯ ಅಗಲವನ್ನು ಅಳೆಯಿಸಿರಿ. ಎಷ್ಟು ಅಂತಸ್ತು ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದರಲ್ಲಿ ರಸ್ತೆಯ ಅಗಲ ಮತ್ತು ನಿವೇಶನದ ಅಳತೆಗಳು ಲೆಕ್ಕಕ್ಕೆ ಬರುತ್ತವೆ. ನಕ್ಷೆಯಲ್ಲಿ ರಸ್ತೆ ಅಗಲೀಕರಣದ ಗೆರೆ ನಿಮ್ಮ ಜಾಗದೊಳಗೆ ಹಾದಿದ್ದರೆ ಅಷ್ಟು ಭಾಗ ಕಟ್ಟಡಕ್ಕೆ ದಕ್ಕದು.

ತಮ್ಮ ಆ ಜಾಗವನ್ನು ಬಿಟ್ಟ. ಈಗ ನೋಡುತ್ತಿರುವ ನಿವೇಶನಕ್ಕೆ ಮೊದಲು ವಲಯ ದೃಢೀಕರಣ ಪತ್ರ ಕೇಳಿದ್ದಾನೆ.