ಲೀಡ್ಸ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್

ಇವತ್ತು ನವೆಂಬರ್‌ನ ನಾಲ್ಕನೇ ಗುರುವಾರ. ಅಮೆರಿಕದ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗಲಾಟೆ. ಇಲ್ಲಿ ಇಂಗ್ಲೆಂಡಿನಲ್ಲಿ ಮಾಮೂಲಿ ದಿನ, ರಜೆಯಿಲ್ಲ. ಕ್ಲಾಸ್ ಮುಗಿಸಿ ಹೊರಗೆ ಬಂದರೆ ಪೂರ್ತಿ ಕತ್ತಲೆ. ಈ ತಿಂಗಳ ಕೊನೆಗೆ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ.

ಹಬ್ಬ ಬಿಡೋಕೆ ಮನಸ್ಸಾಗಲಿಲ್ಲ. ಹಬ್ಬದ ಸಿಹಿಯಾದ ಪೈಗೆ ಬೇಕಾದ, ಡಬ್ಬಿಯಲ್ಲಿ ಬರುವ ಕುಂಬಳಕಾಯಿ ಹತ್ತಿರದ ಅಂಗಡಿಯಲ್ಲಿ ಸಿಗಲಿಲ್ಲ. ಸಿಹಿಗುಂಬಳವನ್ನೇ ಬೇಯಿಸಿ, ಕಿವುಚಿ ಪೈ ಮಾಡಿದೆ. ಅಮ್ಮನ ಲೆಕ್ಕದ 350 ಫ್ಯಾರನ್‌ಹೀಟ್ ಅಂದರೆ ಇಲ್ಲಿನ ಓವನ್‌ಗೆ ಸುಮಾರು 180 ಸೆಲ್ಸಿಯಸ್. ಪಕ್ಕದ ರೂಮಿನ ಹುಡುಗಿ ಯಾರ್ಕ್‌ಷೈರ್‌ನವಳು. ಅವಳು ಯಾರ್ಕ್‌ಷೈರ್ ಪುಡಿಂಗ್ ಮಾಡಿದಳು. ಹೆಸರು ಪುಡಿಂಗ್ ಆದರೂ ಅದು ಸಿಹಿಯಲ್ಲ, ಗ್ರೇವಿ ಜೊತೆ ತಿನ್ನುವಂಥದ್ದು. ತುಂಬಾ ಚೆನ್ನಾಗಿತ್ತು!

ಊಟ ಮಾಡುವಾಗ ಒಂದು ವಿಷಯ ಹೊಳೆಯಿತು. ಹುಟ್ಟಿ ಬೆಳೆದ ಅಮೆರಿಕದಲ್ಲಿ ಎಲ್ಲರೂ ನನ್ನನ್ನು ಕೇಳುವುದು, ‘ನಿಜವಾಗಿ ಯಾವ ಊರು?’ ಇಲ್ಲಿ ನಾನು ಬಾಯಿ ತೆರೆದರೆ ಸಾಕು, ಅಮೆರಿಕದವಳು ಅಂತ ಒಪ್ಪಿಬಿಡುತ್ತಾರೆ. ಇದಕ್ಕೆ ಅಷ್ಟು ದೂರ ಬರಬೇಕಾಯಿತಲ್ಲ ಅಂತ ಸ್ವಲ್ಪ ಬೇಜಾರೂ ಆಯಿತು.

ಲೀಡ್ಸ್‌ನಲ್ಲಿ ಕನ್ನಡದವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಪೈ ಇನ್ನೂ ಅರ್ಧ ಉಳಿದಿದೆ.